ಹಳದಿ ಪ್ಲೇಟು ಕಾಣದ ಜಾಗ

ನಮ್ಮ ಕಾಲುವೆ ಬೀದಿಯಲ್ಲಿ ಸುಳ್ಳು ಹೇಳಲು ಬಾರದವನು ಯಾರು ಎಂದು ಕೇಳಿ ನೋಡಿ, ಎಲ್ಲರೂ ಹಾರ್ಮ್‌ನ ಮನೆಯ ಕಡೆ ಕೈ ತೋರಿಸುತ್ತಾರೆ. ಅಂಥ ಹಾರ್ಮ್ ಜೀವಮಾನದಲ್ಲಿ ಒಂದೇ ಒಂದು ಸುಳ್ಳು ಹೇಳಿದ. ಇನ್ನೂ ಕೆಲವನ್ನು ಹೇಳಿದ ಅನ್ನಿ, ಆದರೆ ಅವೆಲ್ಲ ಆ ಒಂದರ ಮರಿಗಳು. ಅದರ ಫಲವಾಗಿ ಫ್ರಾನ್ಸಿನ ಒಂದು ಹಳ್ಳಿಗೆ ಹೊಸ ಜೀವ ಬಂತು, ನಮ್ಮ ಬೀದಿಗೆ ಬೀದಿಯೇ ಆಡಿನ ಹಿಕ್ಕೆಯ ಮೇಲೆ ಮಲಗಿತು, ಮತ್ತು ಹಾರ್ಮ್ ತಾನು ಬದುಕಿದ್ದಾಗಲೇ ತನ್ನ ಶ್ರದ್ಧಾಂಜಲಿ ಸಭೆಗೆ ಹಾಜರಾದ. ಇದನ್ನು ನಾನು ಕಟ್ಟಿ ಹೇಳುತ್ತಿಲ್ಲ. ನಾನು ಅವನ ಎದುರು ಮನೆಯವನು. ನಾನು ಕಣ್ಣಾರೆ ಕಾಣದ ಭಾಗವನ್ನು ಅವನ ಹೆಂಡತಿ ನನ್ನ ಹೆಂಡತಿ ಹಿಲ್ಲಿಗೆ ಹೇಳಿದ್ದಾಳೆ. ಇದಕ್ಕಿಂತ ಗಟ್ಟಿ ಸಾಕ್ಷಿ ಹಾಲೆಂಡಿನಲ್ಲಿ ಸಿಗುವುದಿಲ್ಲ.

ಹಾರ್ಮ್ ನಮ್ಮ ವೀನ್‌ಬ್ರುಗ್ ಊರಿನ ಸೇತುವೆ ಕಾಯುವವನು. ಕಾಲುವೆಯ ಮೇಲೆ ರಸ್ತೆ, ರಸ್ತೆಯ ಆಚೆ ತುದಿಯಲ್ಲಿ ಗಾಜಿನ ಗೂಡು, ಗೂಡಿನೊಳಗೆ ಹಾರ್ಮ್. ಎತ್ತರದ ಪಟಕಂಬದ ದೋಣಿ ಬಂದರೆ ಗುಂಡಿ ಒತ್ತುತ್ತಾನೆ. ಗಂಟೆ ಹೊಡೆಯುತ್ತದೆ, ಅಡ್ಡಗಂಬ ಇಳಿಯುತ್ತದೆ, ರಸ್ತೆಯೇ ಮೇಲೆದ್ದು ಆಕಾಶಕ್ಕೆ ಮುಖ ಮಾಡಿ ನಿಲ್ಲುತ್ತದೆ. ನಮ್ಮ ಸಪಾಟು ಸೀಮೆಯಲ್ಲಿ ಅದಕ್ಕಿಂತ ಎತ್ತರದ ವಸ್ತು ಬೇರೆ ಇಲ್ಲ. ದೋಣಿ ಪೂರ್ತಿ ದಾಟುವ ತನಕ ಸೇತುವೆ ಇಳಿಯಕೂಡದು ಎಂಬುದು ನಿಯಮ, ಹಾರ್ಮ್ ನಿಯಮದ ಮನುಷ್ಯ. ಒಮ್ಮೆ ಯಾರೋ ಮೀನು ಹಿಡಿಯುವವನ ದೋಣಿಗಾಗಿ ಒಂದು ಮದುವೆ ದಿಬ್ಬಣವನ್ನೇ ತಡೆದು ನಿಲ್ಲಿಸಿದ್ದ. ಮದುಮಗಳ ಅಪ್ಪ ಕೂಗಾಡಿದಾಗ, "ನಿಮ್ಮ ಮಗಳು ಕಾಯ್ತಾಳೆ ಸ್ವಾಮಿ, ದೋಣಿ ಕಾಯಲ್ಲ" ಎಂದಿದ್ದ.

ಹಾರ್ಮ್‌ಗೆ ಪ್ರೀತಿ ಎನ್ನುವುದು ಎರಡರ ಮೇಲೆ: ಹೆಂಡತಿ ಚಿಟ್ಸ್ಕೆ, ಮತ್ತು ಕಾರಿನ ಹಿಂದೆ ಕಟ್ಟಿ ಎಳೆಯುವ ಕೆನೆಬಣ್ಣದ ಹಳೆಯ ಮನೆಗಾಡಿ, ಕ್ಯಾರವಾನ್. ಯಾವುದು ಮೊದಲು ಎಂದು ಯಾರೂ ಕೇಳಿಲ್ಲ, ಕೇಳಿದರೆ ಅವನಿಗೆ ಸುಳ್ಳು ಬರುವುದಿಲ್ಲವಲ್ಲ. ಭಾನುವಾರ ಬಂತೆಂದರೆ ಮಗುವಿನ ಶಾಂಪೂ ಹಚ್ಚಿ ಕ್ಯಾರವಾನಿಗೆ ಸ್ನಾನ ಮಾಡಿಸುತ್ತಿದ್ದ.

ತೊಂದರೆ ಶುರುವಾದದ್ದು ಹಿಂದಿನ ಬೇಸಿಗೆಯಲ್ಲಿ, ಗುಡಾರ, ಕ್ಯಾರವಾನ್ ನಿಲ್ಲಿಸಿ ರಜೆ ಕಳೆಯುವ ದಕ್ಷಿಣ ಫ್ರಾನ್ಸಿನ ಒಂದು ಕ್ಯಾಂಪಿನಲ್ಲಿ. ಚಿಟ್ಸ್ಕೆ ಬೆಳಿಗ್ಗೆ ಎದ್ದು, ಟಾಯ್ಲೆಟ್ ಪೇಪರಿನ ಸುರುಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು, ಕೆದರಿದ ತಲೆಯಲ್ಲಿ ಶೌಚಾಲಯದ ಕಡೆ ಹೊರಟಿದ್ದಳು. ಎದುರಿಗೆ ಅದೇ ಸುರುಳಿ, ಅದೇ ಕಂಕುಳು, ನಮ್ಮ ಬೀದಿಯ ಮೂಲೆಮನೆ ರೂಲಿ.

"ಚಿಟ್ಸ್ಕೆ, ಗುರುವಾರ ಕಸದ ಡಬ್ಬ ಒಳಗಿಡೋದು ನಿಮ್ಮ ಸರದಿ ಆಗಿತ್ತಲ್ವಾ? ಹೊರಗೇ ಇತ್ತಪ್ಪ" ಎಂದಳು ರೂಲಿ.

ಮನೆಯಿಂದ ಅಷ್ಟು ದೂರ, ಎರಡು ದಿನ ಕಾರಿನಲ್ಲಿ ಕುಳಿತು ಬಂದು ಕೇಳಿದ ಮೊದಲ ಮಾತು ಇದು. ಚಿಟ್ಸ್ಕೆ ವಾಪಸ್ಸು ಬಂದವಳೇ ಗಂಡನ ಮುಂದೆ ನಿಂತಳು.

"ನೋಡು ಹಾರ್ಮ್. ಮುಂದಿನ ವರ್ಷ ನಮ್ಮ ದೇಶದವರು ಒಬ್ಬರೂ ಇಲ್ಲದ ಜಾಗ ಹುಡುಕು. ಅಲ್ಲಿ ಒಂದೇ ಒಂದು ಹಳದಿ ನಂಬರ್ ಪ್ಲೇಟು ಕಂಡ್ರೆ ಆವತ್ತೇ ನಿನ್ನ ಕ್ಯಾರವಾನ್ ಮಾರೋದು. ಆಮೇಲೆ ಸಾಯೋ ತನಕ ಹೋಟೆಲು."

ಹೋಟೆಲು ಎಂಬ ಮಾತು ಕೇಳಿ ಹಾರ್ಮ್‌ನ ಮುಖ ಬಿಳಿಚಿಕೊಂಡಿತು.

ಹಳದಿ ಪ್ಲೇಟು ಇರುವುದು ನಮ್ಮ ಗಾಡಿಗಳಿಗೆ. ನಮ್ಮ ಜನರ ಒಂದು ವಿಶೇಷವೆಂದರೆ, ರಜಾ ಬಂದೊಡನೆ ಎಲ್ಲರೂ ಒಟ್ಟಿಗೆ ದಕ್ಷಿಣಕ್ಕೆ ಓಡುತ್ತಾರೆ ಮತ್ತು ಪ್ರತಿಯೊಬ್ಬರೂ ನಮ್ಮವರಿಲ್ಲದ ಕ್ಯಾಂಪು ಬೇಕು ಎನ್ನುತ್ತಾರೆ. ಒಳಗೆ ಬರುವಾಗ ಹಳದಿ ಪ್ಲೇಟು ಎಣಿಸಿ "ಅಯ್ಯೋ, ಬರೀ ನಮ್ಮವರೇ" ಎಂದು ಹಣೆ ಚಚ್ಚಿಕೊಳ್ಳುತ್ತಾರೆ. ತಮ್ಮ ಗಾಡಿಯ ಹಿಂದೆ ಏನಿದೆ ಎಂದು ಇಳಿದು ನೋಡಿದವರನ್ನು ನಾನು ಕಂಡಿಲ್ಲ.

ಹಾರ್ಮ್ ಚಳಿಗಾಲ ಪೂರ್ತಿ ಗಾಜಿನ ಗೂಡಿನಲ್ಲಿ ಕುಳಿತು ಕ್ಯಾಂಪುಗಳ ದಪ್ಪ ದಪ್ಪ ಪುಸ್ತಕ ಓದಿದ. ಈಜುಕೊಳ ಇದೆಯೇ? ಇದ್ದರೆ ನಮ್ಮ ಮಕ್ಕಳೊಂದಿಗರು ಬರುತ್ತಾರೆ, ಬೇಡ. ದೊಡ್ಡ ಮೋಟರ್‌ಮನೆಗಳಿಗೆ ಕರೆಂಟು, ಚರಂಡಿ ಇದೆಯೇ? ಇದ್ದರೆ ಪಿಂಚಣಿದಾರರು ಬರುತ್ತಾರೆ, ಬೇಡ. ಗುಡಾರಕ್ಕೆ ನೆರಳಿದೆಯೇ? ಇದ್ದರೆ ಎದುರು ಮನೆಯ ನಾನು ಬರುತ್ತೇನೆ, ಬೇಡವೇ ಬೇಡ. ಹೀಗೆ ಒಳ್ಳೆಯದನ್ನೆಲ್ಲ ಕಳೆಯುತ್ತಾ ಹೋಗಿ, ಕೊನೆಗೆ ಒಂದು ಬೆಟ್ಟದ ತಲೆಯ ಮೇಲೆ ಲಾ ಕ್ರೆತ್ ಎಂಬ ಜಾಗ ಉಳಿಯಿತು. ಆ ಗುಟ್ಟನ್ನು ಹೆಂಡತಿಗೆ ಬಿಟ್ಟು ಯಾರಿಗೂ ಹೇಳಲಿಲ್ಲ.

ಮಾರ್ಚಿನಲ್ಲಿ ರೂಲಿಯ ಹುಟ್ಟುಹಬ್ಬ ಬಂತು. ನಮ್ಮಲ್ಲಿ ಹುಟ್ಟುಹಬ್ಬವೆಂದರೆ ಗೋಡೆಗೆ ಬೆನ್ನು ಮಾಡಿ ವೃತ್ತಾಕಾರವಾಗಿ ಕುರ್ಚಿ ಹಾಕುವುದು, ಕೂತವರನ್ನೆಲ್ಲ ಒಬ್ಬೊಬ್ಬರಾಗಿ ಅಭಿನಂದಿಸುವುದು, ಕಾಫಿಯ ಜೊತೆ ಒಂದು ತುಂಡು ಕೇಕು ತಿಂದು ಇನ್ನೊಂದು ಬರುತ್ತದೇನೋ ಎಂದು ಕಾಯುವುದು. ಬರುವುದಿಲ್ಲ. ಆಮೇಲೆ ಚೀಸಿನ ತುಂಡುಗಳು ಬರುತ್ತವೆ. ಚಿಟ್ಸ್ಕೆ ಚೀಸು ಕತ್ತರಿಸಲು ಅಡುಗೆಮನೆಗೆ ಹೋಗಿದ್ದಳು. ಅಲ್ಲಿ ಮೇಜಿನ ಮೇಲೆ ಆಲೂಗಡ್ಡೆ ಸಲಾಡ್ ತುಂಬಿದ ದೊಡ್ಡ ನೀಲಿ ಬೋಗುಣಿಯೊಂದು ಇತ್ತು, ಮೀನಿನ ಚಿತ್ರದ್ದು. ಅದನ್ನು ನೋಡಿದವಳೇ ಅವಳು ತುಟಿ ಬಿಗಿಹಿಡಿದು, ಹುಟ್ಟುಹಬ್ಬದ ದಿನ ಬೇಡ ಎಂದು ಸುಮ್ಮನಾದಳಂತೆ. ಈ ಬೋಗುಣಿಯನ್ನು ಸ್ವಲ್ಪ ನೆನಪಿಡಿ.

ಇತ್ತ ವೃತ್ತದಲ್ಲಿ ರೂಲಿಯ ಗಂಡ ಲುಬ್ಬರ್ಟ್ ಕೇಳಿದ, "ಏನಯ್ಯಾ ಹಾರ್ಮ್, ಈ ವರ್ಷ ಎಲ್ಲಿಗೆ?"

"ಇನ್ನೂ ಏನೂ ಅಂದ್ಕೊಂಡಿಲ್ಲ."

ಕೋಣೆಯಲ್ಲಿ ಚಮಚದ ಸದ್ದೂ ನಿಂತಿತು. ಮಾರ್ಚ್ ಬಂದರೂ ರಜೆಯ ಜಾಗ ಗೊತ್ತಿಲ್ಲ ಎಂದರೆ ಒಂದೋ ಮನುಷ್ಯನಿಗೆ ಕಾಯಿಲೆ, ಇಲ್ಲವೇ ಅವನು ಏನನ್ನೋ ಮುಚ್ಚಿಡುತ್ತಿದ್ದಾನೆ.

"ಮೈ ಹುಷಾರಿಲ್ವಾ?" ಎಂದರು ಫೋಪ್ಕೆ ಮೇಷ್ಟ್ರು. ನಿವೃತ್ತರಾದ ಮೇಲೆ ಇವರು ಬಸ್ಸಿನಷ್ಟು ದೊಡ್ಡ ಮೋಟರ್‌ಮನೆ ಕೊಂಡಿದ್ದರು. ಅದನ್ನು ತಿರುಗಿಸಲು ಜಾಗ ಸಾಲದೆ ಬೀದಿಯ ತುದಿಯವರೆಗೆ ಹಿಂದಕ್ಕೇ ಓಡಿಸುತ್ತಿದ್ದರು.

"ಹುಷಾರಾಗಿದ್ದೀನಿ."

"ಚಳಿಗಾಲ ಇಡೀ ಪುಸ್ತಕ ಓದ್ತಾ ಇದ್ದೆ. ನನ್ನ ಸೈಕಲ್ಲು ಎಷ್ಟು ಸಲ ನಿನ್ನ ಸೇತುವೆ ಹತ್ರ ನಿಂತಿಲ್ಲ? ನಾನು ನೋಡಿಲ್ವಾ?" ಎಂದಳು ನನ್ನ ಹಿಲ್ಲಿ.

ಎಲ್ಲರೂ ಕುರ್ಚಿಗಳನ್ನು ಒಂದು ಗೇಣು ಮುಂದಕ್ಕೆ ಎಳೆದುಕೊಂಡರು. ಹಾರ್ಮ್ ಬೆವೆತ. ಅವನ ತಲೆಯಲ್ಲಿ ಆಗ ಫ್ರಾನ್ಸಿನ ಎರಡೇ ಹೆಸರುಗಳು ಇದ್ದವು: ಲಾ ಕ್ರೆತ್, ಮತ್ತು ನಕ್ಷೆಯಲ್ಲಿ ಅದರ ಪಕ್ಕ ಅಚ್ಚಾಗಿದ್ದ ಇನ್ನೊಂದು. ಮೊದಲನೆಯದನ್ನು ಹೇಳುವಂತಿರಲಿಲ್ಲ.

"ಶಾಂಬ್ರೊಲ್" ಎಂದ. ಅಷ್ಟಕ್ಕೇ ಬಿಟ್ಟಿದ್ದರೆ ನಾವು ಮರೆಯುತ್ತಿದ್ದೆವೋ ಏನೋ. ಸುಳ್ಳು ಹೇಳಿ ಅಭ್ಯಾಸವಿಲ್ಲದ ಕಾರಣ ಕೊನೆಗೆ ಇನ್ನೊಂದು ಮಾತು ಸೇರಿಸಿದ. "ದಯವಿಟ್ಟು ಯಾರಿಗೂ ಹೇಳ್ಬೇಡಿ. ಅಲ್ಲಿ ನಮ್ಮವರು ಒಬ್ರೂ ಇಲ್ಲ."

ನಾವು ಯಾರಿಗೂ ಹೇಳಲಿಲ್ಲ. ಪ್ರತಿಯೊಬ್ಬರೂ ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಶಾಂಬ್ರೊಲ್‌ಗೆ ಫೋನು ಮಾಡಿದೆವು.

ಆ ಕಡೆ ಫೋನು ಎತ್ತಿದವಳು ಮದಾಂ ಒಡೀಲ್ ಎಂಬ ಆಡು ಸಾಕುವ ಮುದುಕಿ. ಅವಳ ಗಂಡ ಬದುಕಿದ್ದಾಗ ಎಂದೋ ಒಂದು ದಿನ ಉಮೇದು ಬಂದು ಗೇಟಿಗೆ ಕ್ಯಾಂಪು ಎಂದು ಹಲಗೆ ಬಡಿದಿದ್ದ. ಆ ಹಲಗೆಯನ್ನು ನಂಬಿ ಅಲ್ಲಿವರೆಗೆ ಯಾರೂ ಬಂದಿರಲಿಲ್ಲ. ಫ್ರೆಂಚ್ ಬರುತ್ತದೆಂದು ತಾನೇ ನಂಬಿರುವ ಲುಬ್ಬರ್ಟ್ ಅವಳೊಂದಿಗೆ ಮಾತಾಡಿದ್ದು ಹೀಗೆ.

"ಈಜುಕೊಳ ಇದೆಯಾ ತಾಯಿ?"

"ಹೊಳೆ ಇದೆ."

"ಕರೆಂಟು?"

"ಒಂದೊಂದ್ಸಲ."

"ಡಚ್ ಜನ ಬರ್ತಾರಾ?"

"ಹಾಗಂದ್ರೆ ಏನು?"

ಲುಬ್ಬರ್ಟ್ ಫೋನು ಇಟ್ಟು ಹೆಂಡತಿಯನ್ನು ತಬ್ಬಿಕೊಂಡನಂತೆ. "ರೂಲಿ, ಸ್ವರ್ಗ ಕಣೇ. ಹಾರ್ಮ್ ಆರಿಸಿದ ಜಾಗ ಅಂದ್ಮೇಲೆ ಈಜುಕೊಳ ಇಲ್ದೆ ಇರುತ್ತಾ? ನಮ್ಮವರು ಬರ್ತಾರೆ ಅಂತ ಬಚ್ಚಿಡ್ತಾ ಇದ್ದಾಳೆ ಮುದುಕಿ."

ಇದೇ ಮಾತನ್ನು ನಾನೂ ಹಿಲ್ಲಿಗೆ ಹೇಳಿದ್ದೆ ಎಂಬುದನ್ನು ಇಲ್ಲಿ ಬರೆಯಬೇಕಾಗಿಲ್ಲ.

ಅಂದಿನಿಂದ ಬೀದಿಯಲ್ಲಿ ಸುಳ್ಳಿನ ಸುಗ್ಗಿ. ಸೇತುವೆ ದಾಟುವಾಗ ಹಾರ್ಮ್ ಗಾಜಿನ ಗೂಡಿನಿಂದ ತಲೆ ಹಾಕಿ "ರಜಾ ಎಲ್ಲಿಗೆ?" ಎಂದು ಅಳುಕುತ್ತಾ ಕೇಳುತ್ತಿದ್ದ. ಲುಬ್ಬರ್ಟ್ ಆಸ್ಟ್ರಿಯಾ ಎಂದ. ಮೇಷ್ಟ್ರು ನಾರ್ವೆ ಎಂದರು. ನಾನು ಡೆನ್ಮಾರ್ಕ್ ಎಂದೆ. ಪಾಪ, ಹಾರ್ಮ್‌ನ ಮುಖ ದಿನದಿನಕ್ಕೆ ಅರಳುತ್ತಾ ಬಂತು. ತನ್ನ ಸುಳ್ಳನ್ನು ಯಾರೂ ನಂಬಲಿಲ್ಲ, ದೇವರು ದೊಡ್ಡವನು ಎಂದುಕೊಂಡ.

ರಜೆ ಶುರುವಾಯಿತು. ಆಲೂಗಡ್ಡೆ ಮೂಟೆ, ಶೇಂಗಾ ಬೆಣ್ಣೆ, ಬ್ರೆಡ್ಡಿನ ಮೇಲೆ ಉದುರಿಸುವ ಚಾಕೊಲೇಟು, ಕಾಫಿಪುಡಿ ಎಲ್ಲ ತುಂಬಿಕೊಂಡು ಬೀದಿ ಖಾಲಿಯಾಯಿತು. ಲಿಯಾನ್ ಪಟ್ಟಣ ದಾಟಿ ದಕ್ಷಿಣಕ್ಕೆ, ಹೆದ್ದಾರಿ ಪಕ್ಕದ ಪೆಟ್ರೋಲ್ ಬಂಕಿನಲ್ಲಿ ನಾನು ಗುಡಾರದ ಹಗ್ಗ ಬಿಗಿಯುತ್ತಿದ್ದಾಗ ಪಕ್ಕದಲ್ಲಿ ಒಂದು ಕ್ಯಾರವಾನ್ ಬಂದು ನಿಂತಿತು. ಇಳಿದವನು ಲುಬ್ಬರ್ಟ್.

"ಡೆನ್ಮಾರ್ಕಿಗೆ ತಾನೆ?" ಎಂದ ಅವನು.

"ಹ್ಞೂಂ, ಡೆನ್ಮಾರ್ಕಿಗೆ. ನೀವು ಆಸ್ಟ್ರಿಯಾಕ್ಕೆ?"

"ಆಸ್ಟ್ರಿಯಾಕ್ಕೆ."

"ಒಳ್ಳೆದಾಗ್ಲಿ."

ಅಷ್ಟರಲ್ಲಿ ನಾರ್ವೆಗೆ ಹೊರಟಿದ್ದ ಮೇಷ್ಟ್ರ ಮೋಟರ್‌ಮನೆ ದಕ್ಷಿಣದ ಕಡೆ ಭರ್ರೆಂದು ಹೋಯಿತು. ಮೇಷ್ಟ್ರು ನಮ್ಮನ್ನು ನೋಡಿ ಸ್ಟೀರಿಂಗಿನ ಕೆಳಗೆ ತಲೆ ಬಗ್ಗಿಸಿಕೊಂಡರು, ಗಾಡಿ ಸ್ವಲ್ಪ ದೂರ ತಾನೇ ನಡೆಯಿತು.

ಶಾಂಬ್ರೊಲ್ ಮುಟ್ಟಿದಾಗ ಎಲ್ಲರ ಸುಳ್ಳೂ ಬಯಲಾಯಿತು, ಕ್ಯಾಂಪಿನ ಬಂಡವಾಳವೂ ಬಯಲಾಯಿತು. ಒಂದು ಹೊಲ, ಒಂದು ನಲ್ಲಿ, ಒಂದು ಆಕ್ರೋಟಿನ ಮರ, ಮೂಲೆಯಲ್ಲಿ ಹಲಗೆಯ ಪಾಯಿಖಾನೆ, ಲೆಕ್ಕವಿಲ್ಲದಷ್ಟು ಆಡು. ಹಿಂದುಗಡೆ ಗೋಡೆ ಎಬ್ಬಿಸಿದ ಹಾಗೆ ನೆಟ್ಟಗೆ ಒಂದು ಬಂಡೆಬೆಟ್ಟ. ಮದಾಂ ಒಡೀಲ್ ಕೋಲು ಹಿಡಿದು ಬಂದು, ಸಾಲಾಗಿ ನುಗ್ಗುತ್ತಿದ್ದ ಗಾಡಿಗಳನ್ನು ನೋಡಿ ಎದೆ ಹಿಡಿದುಕೊಂಡು ಕೆಳಗೆ ಕೂತುಬಿಟ್ಟಳು. ಮೇಷ್ಟ್ರ ಮೋಟರ್‌ಮನೆ ನಲ್ಲಿಯ ಬಳಿ ಅಚ್ಚಿನವರೆಗೆ ಹೂತುಹೋಯಿತು.

ಆದರೆ ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಹಾರ್ಮ್ ಆರಿಸಿದ್ದಾನೆ ಎಂದಮೇಲೆ ಏನೋ ಇರಬೇಕು.

"ಗಾಳಿ ನೋಡು, ಎಷ್ಟು ಶುದ್ಧ" ಎಂದಳು ರೂಲಿ, ಹಿಕ್ಕೆಯ ಮೇಲೆ ಕಾಲಿಡುತ್ತಾ.

ಗಂಟೆಯೊಳಗೆ ಊರಿನ ಮೇಯರ್ ಫಾಬ್ರೆಗ್, ಎದೆಗೆ ಅಡ್ಡ ಮೂರು ಬಣ್ಣದ ಪಟ್ಟಿ ಧರಿಸಿ, ಓಡುತ್ತಾ ಬಂದ. ಊರಿನ ಬ್ರೆಡ್ಡಿನ ಅಂಗಡಿ ಮುಚ್ಚುವುದರಲ್ಲಿತ್ತಂತೆ. ಅಂದು ಸಂಜೆ ಅದರ ಮುಂದೆ ಸಾಲು ನಿಂತಿತ್ತು. ಈ ಪುಣ್ಯ ಯಾರಿಂದ ಬಂತು ಎಂದು ಮೇಯರ್ ಕೇಳಿದ. "ಹಾರ್ಮ್" ಎಂದೆವು ಒಕ್ಕೊರಲಿನಿಂದ. ಅವನು ಎಲ್ಲಿ? ನಾಳೆ ಬರುತ್ತಾನೆ. ಒಳ್ಳೆಯ ಜಾಗ ಅವನಿಗೇ ಸಲ್ಲಬೇಕೆಂದು ಆಕ್ರೋಟಿನ ಮರದ ಕೆಳಗೆ ಹಗ್ಗ ಕಟ್ಟಿ ಬಿಟ್ಟೆವು. ಇಡೀ ಹೊಲದಲ್ಲಿ ಅಲ್ಲಿ ಮಾತ್ರ ನೆಲ ಮಟ್ಟಸವಾಗಿತ್ತು, ಅಲ್ಲಿ ಮಾತ್ರ ನೆರಳಿತ್ತು.

ನಾಳೆ ಬಂತು, ಹಾರ್ಮ್ ಬರಲಿಲ್ಲ. ನಾಡಿದ್ದೂ ಬರಲಿಲ್ಲ.

"ಅವನು ಬೆಟ್ಟದ ರಸ್ತೇಲಿ ಓಡಿಸಿದವನೇ ಅಲ್ಲ" ಎಂದ ಲುಬ್ಬರ್ಟ್.

"ಆ ಕ್ಯಾರವಾನಿನ ಬ್ರೇಕು ಹಳೇದು" ಎಂದರು ಮೇಷ್ಟ್ರು.

"ದೇವರೇ, ಕೆಳಗೆ ಹೊಳೆ ಬೇರೆ ಇದೆ" ಎಂದಳು ಹಿಲ್ಲಿ.

ಇಷ್ಟು ಸಾಕಾಯಿತು. ಮೇಯರ್ ಪೊಲೀಸರನ್ನು ಕರೆಸಿದ. ಅವರು ಉದ್ದನೆಯ ಕೋಲು ಹಾಕಿ ಹೊಳೆ ಜಾಲಾಡಿದರು. ಒಂದು ಹಳೆಯ ಸೈಕಲ್ಲು ಸಿಕ್ಕಿತು. ಅದು ಮೇಯರನದೇ, ಚಿಕ್ಕಂದಿನಲ್ಲಿ ಕಳೆದದ್ದು. ಅವನು ಅದನ್ನು ತಬ್ಬಿಕೊಂಡು ಅತ್ತ, ನಮಗೂ ಅಳು ಬಂತು.

ಈಗ ಸ್ವಲ್ಪ ಬೆಟ್ಟ ಹತ್ತೋಣ. ನಮ್ಮದು ಸಪಾಟು ಸೀಮೆ ಎಂದೆನಲ್ಲ, ನಮ್ಮ ಜನಕ್ಕೆ ಬೆಟ್ಟ ಗೊತ್ತಿಲ್ಲ. ನಕ್ಷೆಯಲ್ಲಿ ಲಾ ಕ್ರೆತ್‌ಗೂ ಶಾಂಬ್ರೊಲ್‌ಗೂ ನಡುವೆ ಒಂದಕ್ಕೊಂದು ಅಂಟಿಕೊಂಡ ಹತ್ತಾರು ಕಂದು ಗೆರೆಗಳಿದ್ದವು. ಹಾರ್ಮ್ ಅವನ್ನು ನೋಡಿ, ಬೆಟ್ಟ ಅಡ್ಡ ಇದೆ, ಎರಡಕ್ಕೂ ಬಹಳ ದೂರ ಎಂದು ತಿಳಿದಿದ್ದ. ಆ ಗೆರೆಗಳ ಅರ್ಥ ಒಂದರ ನೆತ್ತಿಯ ಮೇಲೆಯೇ ಇನ್ನೊಂದು ಎಂದು. ಲಾ ಕ್ರೆತ್‌ನ ಬೇಲಿಯಿಂದ ಚಮಚ ಬಿಟ್ಟರೆ ನಮ್ಮ ಕಾಫಿ ಲೋಟಕ್ಕೆ ಬೀಳುತ್ತಿತ್ತು.

ಮೊದಲ ದಿನ ಚಿಟ್ಸ್ಕೆ ಕಾಲು ಚಾಚಿ ಕುಳಿತು, "ಏನು ಶಾಂತಿ ಹಾರ್ಮ್" ಎಂದಳು. ಅಕ್ಕಪಕ್ಕ ಫ್ರೆಂಚರು, ಬೆಳಿಗ್ಗೆ ಒಮ್ಮೆ ತಲೆ ಅಲ್ಲಾಡಿಸಿದರೆ ಮುಗಿಯಿತು. ಎರಡನೆಯ ದಿನವೂ ಶಾಂತಿ ಎಂದಳು, ಆದರೆ ದನಿ ಸ್ವಲ್ಪ ಇಳಿದಿತ್ತು. ಮೂರನೆಯ ದಿನ ತಡೆಯಲಾಗಲಿಲ್ಲ.

"ಆ ಕೆಂಪು ಗುಡಾರದವಳು ನೋಡು, ಮೂರು ದಿನದಿಂದ ಒದ್ದೆ ಟವೆಲನ್ನ ನೆರಳಲ್ಲಿ ಒಣಗಿಸ್ತಿದ್ದಾಳೆ."

"ಹ್ಞೂಂ" ಎಂದ ಹಾರ್ಮ್.

"ಹ್ಞೂಂ ಅಂದ್ರೆ? ನೆರಳಲ್ಲಿ ಒಣಗುತ್ತಾ?"

"ಇಲ್ಲ."

ಇಂಥ ವಿಷಯವನ್ನು ಹಿಲ್ಲಿಯ ಹತ್ತಿರ ಹೇಳಿದ್ದರೆ ಒಂದು ಹೊತ್ತು ಹೋಗುತ್ತಿತ್ತು. ರೂಲಿಯ ಹತ್ತಿರ ಹೇಳಿದ್ದರೆ ಇಡೀ ದಿನ ಹೋಗುತ್ತಿತ್ತು. ಚಿಟ್ಸ್ಕೆ ನಿಟ್ಟುಸಿರು ಬಿಟ್ಟು ಪುಸ್ತಕದ ಅದೇ ಹಾಳೆಯನ್ನು ಮತ್ತೆ ತೆಗೆದಳು. ಅಷ್ಟರಲ್ಲಿ ಕೆಳಗಿನಿಂದ ಗೂಟ ಬಡಿಯುವ ಸದ್ದು ಬಂತು.

"ಹಾರ್ಮ್, ಕೇಳು. ಎರಡು ಏಟು, ಒಂದು ಬೈಗುಳ. ಲುಬ್ಬರ್ಟ್ ಗೂಟ ಬಡಿಯೋದು ಹೀಗೇ."

"ಆಡಿರ್ಬೇಕು" ಎಂದ ಹಾರ್ಮ್. ಹಾಗೆಂದು ಬೇಲಿಯ ಬಳಿ ಹೋಗಿ ಕೆಳಗೆ ಬಗ್ಗಿ ನೋಡಿದ. ಹಳದಿ ಪ್ಲೇಟು, ಹಳದಿ ಪ್ಲೇಟು, ಹಳದಿ ಪ್ಲೇಟು. ನಡುವೆ ನಮ್ಮ ಬೀದಿ ಪೂರ್ತಿ ವೃತ್ತಾಕಾರವಾಗಿ ಕುಳಿತು ಕಾಫಿ ಕುಡಿಯುತ್ತಿತ್ತು. ಹಾರ್ಮ್‌ಗೆ ಕಣ್ಣು ಕತ್ತಲಿಟ್ಟಿತು. ಅವನಿಗೆ ಕಂಡದ್ದು ನಾವಲ್ಲ, ಮಾರಾಟಕ್ಕಿದೆ ಎಂಬ ಚೀಟಿ ಅಂಟಿಸಿಕೊಂಡ ತನ್ನ ಕೆನೆಬಣ್ಣದ ಕ್ಯಾರವಾನ್.

ಆಮೇಲೆ ಅವನು ಪಟ್ಟ ಪಾಡು ದೇವರಿಗೇ ಪ್ರೀತಿ. ಬಿಸಿಲು ಕಣ್ಣಿಗೆ ಕೆಟ್ಟದ್ದು ಎಂದು ಹೆಂಡತಿಯ ಕುರ್ಚಿಯನ್ನು ಬೇಲಿಯಿಂದ ಹಿಂದಕ್ಕೆ ಹಾಕಿದ. ಸದ್ದು ಬಂದರೆ ರೇಡಿಯೊ ಜೋರು ಮಾಡಿದ. ನಮ್ಮ ಕಾಫಿಯ ವಾಸನೆ ಮೇಲೇರಿದರೆ ಕೂಡಲೇ ಈರುಳ್ಳಿ ಹುರಿಯಲು ಕೂತ. ದಿನಕ್ಕೆ ಮೂರು ಹೊತ್ತು ಈರುಳ್ಳಿ. ಗಡ್ಡ ಬಿಟ್ಟ, ಕಪ್ಪು ಕನ್ನಡಕ ಹಾಕಿದ, ತನ್ನದೇ ಗಾಡಿಯ ಹಳದಿ ಪ್ಲೇಟಿನ ಮೇಲೆ ಒಂದು ನೀಲಿ ಟವೆಲು ಹೊದಿಸಿದ.

ಚಿಟ್ಸ್ಕೆ ಸ್ನಾನಕ್ಕೆ ಹೋಗಿದ್ದಾಗ ಒಬ್ಬ ಪೊಲೀಸಿನವನು ಮೋಟರ್‌ಸೈಕಲ್ಲಿನಲ್ಲಿ ಬೆಟ್ಟ ಹತ್ತಿ ಬಂದ. ಒಂದು ಫೋಟೊ ತೋರಿಸಿದ. ಲುಬ್ಬರ್ಟ್‌ನ ಮೊಬೈಲಿನಿಂದ ತೆಗೆದದ್ದು: ಕಾಗದದ ಟೋಪಿ ಹಾಕಿಕೊಂಡು, ನಮ್ಮ ಕಡೆಯ ರೂಢಿಯಂತೆ ಹಸಿ ಮೀನನ್ನು ಬಾಲ ಹಿಡಿದು ಬಾಯಿಗೆ ಇಳಿಸುತ್ತಿರುವ ಹಾರ್ಮ್.

"ಈ ಮನುಷ್ಯನನ್ನ ಎಲ್ಲಾದ್ರೂ ನೋಡಿದ್ದೀರಾ?"

ಹಾರ್ಮ್ ಫೋಟೊವನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ. "ಇಲ್ಲ. ಪಾಪ, ಏನಾಯ್ತು?"

"ಹೊಳೆಗೆ ಬಿದ್ದಿರಬೇಕು. ಹೆಂಡತಿನೂ ಜೊತೇಲಿದ್ದಳಂತೆ. ಕೆನೆಬಣ್ಣದ ಕ್ಯಾರವಾನ್, ಹಳದಿ ಪ್ಲೇಟು." ಪೊಲೀಸಿನವನು ಕೆನೆಬಣ್ಣದ ಕ್ಯಾರವಾನನ್ನು ಮೇಲಿಂದ ಕೆಳಗೆ ನೋಡಿದ. "ನಿಮ್ಮದಕ್ಕೆ ನೀಲಿ."

"ಟವೆಲು. ಒಣಗ್ಲಿ ಅಂತ."

"ಒಳ್ಳೆ ಬಿಸಿಲಿದೆ, ಒಣಗುತ್ತೆ." ಸೆಲ್ಯೂಟು ಹೊಡೆದು ಗಾಡಿ ಹತ್ತಿದ. "ನಾಳೆ ಬೆಳಿಗ್ಗೆ ಕೆಳಗೆ ಶ್ರದ್ಧಾಂಜಲಿ ಸಭೆ ಇದೆ. ನೀವೂ ಬರಬಹುದು. ತುಂಬಾ ಒಳ್ಳೆ ಮನುಷ್ಯ ಅಂತೆ."

ಮರುದಿನ ಕಾಫಿ ಹೊತ್ತಿಗೆ ಸಭೆ ಸೇರಿತು. ನಾವು ವೃತ್ತಾಕಾರವಾಗಿ ಕುರ್ಚಿ ಹಾಕಿದೆವು, ಊರಿನವರು ನಮ್ಮ ಸುತ್ತ ನಿಂತರು. ಹಬ್ಬದ ದಿನ ಬಳಸುವ ಧ್ವನಿವರ್ಧಕವನ್ನು ಮೇಯರ್ ತರಿಸಿದ್ದ. ಅವನು ಮಾತಾಡಿದ, ಲುಬ್ಬರ್ಟ್ ಅನುವಾದಿಸಿದ. ಮೇಯರ್ ಐದು ನಿಮಿಷ ಮಾತಾಡಿದ್ದಕ್ಕೆ ಲುಬ್ಬರ್ಟ್, "ಅವರಿಗೂ ಬೇಜಾರಾಗಿದೆಯಂತೆ" ಎಂದ. ಮೇಷ್ಟ್ರು ಎದ್ದು, ಹಾರ್ಮ್ ಬದುಕಿನುದ್ದಕ್ಕೂ ನಮ್ಮನ್ನು ಸೇತುವೆಯ ಬಳಿ ಕಾಯಿಸಿದ, ಈಗ ಮೇಲೆ ನಮಗಾಗಿ ಕಾಯುತ್ತಿರುತ್ತಾನೆ ಎಂದರು. ಅದು ಎಷ್ಟು ನಿಜವೆಂದು ಅವರಿಗೆ ಗೊತ್ತಿರಲಿಲ್ಲ.

ಆಮೇಲೆ ರೂಲಿ ಮೈಕು ಹಿಡಿದಳು. ಅವಳು ನಿಜವಾಗಿ ಅಳುತ್ತಿದ್ದಳು, ಅದನ್ನು ನಾನು ಒಪ್ಪಬೇಕು.

"ಚಿಟ್ಸ್ಕೆ ಕಸದ ಡಬ್ಬ ಮರೀತಿದ್ದಳು, ಆದ್ರೆ ಮನಸ್ಸು ಚಿನ್ನ. ನಮ್ಮಿಬ್ಬರ ನಡುವೆ ಜಗಳ ಅಂತ ಯಾವತ್ತೂ ಬಂದಿಲ್ಲ. ನನ್ನ ಹತ್ರ ಒಂದು ನೀಲಿ ಬೋಗುಣಿ ಇದೆ, ಮೀನಿನ ಚಿತ್ರದ್ದು, ಇಲ್ಲಿಗೂ ತಂದಿದ್ದೀನಿ. ಅವಳು ಬಂದಾಗಲೆಲ್ಲ ಅದನ್ನೇ ಆಸೆಯಿಂದ ನೋಡೋಳು. ನಾನು ಕೊಡಲಿಲ್ಲ. ಕೊಡಬೇಕಾಗಿತ್ತು. ಬದುಕಿದ್ದಿದ್ರೆ ಇವತ್ತೇ ನನ್ನ ಬೋಗುಣಿ ಅವಳಿಗೆ ಕೊಟ್ಟುಬಿಡ್ತಿದ್ದೆ."

"ಅದು ನನ್ನ ಬೋಗುಣಿ ಕಣೇ."

ಮಾತು ಬಂದದ್ದು ಆಕಾಶದಿಂದ. ಮೇಯರ್ ಎದೆಯ ಮೇಲೆ ಶಿಲುಬೆ ಗುರುತು ಬರೆದುಕೊಂಡ. ಮದಾಂ ಒಡೀಲಳ ಆಡುಗಳು ದಿಕ್ಕಾಪಾಲಾಗಿ ಓಡಿದವು. ರೂಲಿ ಮೈಕು ಹಿಡಿದ ಹಾಗೇ ಮೇಲೆ ನೋಡಿದಳು.

"ಚಿಟ್ಸ್ಕೆ?"

"ನನ್ನ ಮದುವೆಗೆ ನನ್ನ ಅತ್ತೆ ಕೊಟ್ಟಿದ್ದು. ನಿನ್ನ ನಾದಿನಿ ಬಂದಿದ್ದಾಗ ಇಸ್ಕೊಂಡು ಹೋದವಳು ನೀನು. ವಾಪಸ್ ಕೊಡ್ತೀಯ ಕೊಡ್ತೀಯ ಅಂತ ಕಾದು ಕಾದು ಸಾಕಾಯ್ತು. ನಾನು ಸತ್ತ ಮೇಲೆ ನಂಗೇ ದಾನ ಮಾಡ್ತೀಯಾ?"

ಬಂಡೆಯ ನೆತ್ತಿಯಲ್ಲಿ, ಬೇಲಿಯ ಮೇಲೆ ಬಗ್ಗಿ ಚಿಟ್ಸ್ಕೆ ನಿಂತಿದ್ದಳು. ಅವಳ ಹಿಂದೆ, ಕೈಯಲ್ಲಿ ಈರುಳ್ಳಿ ಬಾಣಲೆ ಹಿಡಿದು, ಗಡ್ಡಧಾರಿ ಹಾರ್ಮ್. ಧ್ವನಿವರ್ಧಕದಲ್ಲಿ ತನ್ನ ಹೆಸರು ಕೇಳಿ ಅವಳು ಓಡಿಬಂದಾಗ, ಯಾವ ರೇಡಿಯೊಗೂ, ಯಾವ ಈರುಳ್ಳಿಗೂ ಅವಳನ್ನು ತಡೆಯಲಾಗಿರಲಿಲ್ಲ.

ಆಮೇಲೆ ಹೊಲದಲ್ಲಿ ಎದ್ದ ಕೂಗು, ನಗು, ಅಳು, ಶಿಳ್ಳೆ ನಾನು ಇನ್ನೆಲ್ಲೂ ಕೇಳಿಲ್ಲ. ಮೇಯರ್ ಸಿಕ್ಕಸಿಕ್ಕವರ ಕೆನ್ನೆಗೆ ಮುತ್ತು ಕೊಟ್ಟ. ಫೋಟೊ ಹಿಡಿದ ಪೊಲೀಸಿನವನು ಮಾತ್ರ ಮೇಲೆ ನೋಡಿ, "ಟವೆಲಿನವನು" ಎಂದು ಗೊಣಗಿದ.

ಗಂಟೆಯೊಳಗೆ ಕೆನೆಬಣ್ಣದ ಕ್ಯಾರವಾನ್ ಬೆಟ್ಟ ಇಳಿದು ಬಂತು. ಹಗ್ಗ ಕಟ್ಟಿ ಬಿಟ್ಟಿದ್ದ ಆಕ್ರೋಟಿನ ಮರದ ಕೆಳಗೆ ಅಷ್ಟರಲ್ಲಿ ಮೇಷ್ಟ್ರ ಮೋಟರ್‌ಮನೆ ನಿಂತಿತ್ತು. ಹಿಂದಿನ ಸಂಜೆ ಹಾರ್ಮ್ ಇನ್ನಿಲ್ಲ ಎಂದು ಗಟ್ಟಿಯಾದ ಕೂಡಲೇ ಟ್ರ್ಯಾಕ್ಟರ್ ತರಿಸಿ, ದುಃಖದಲ್ಲಿಯೇ ಅದನ್ನು ಅಲ್ಲಿಗೆ ಎಳೆಸಿದ್ದರು. ಉಳಿದದ್ದು ಪಾಯಿಖಾನೆಯ ಪಕ್ಕದ ಇಳಿಜಾರು. ಕ್ಯಾರವಾನನ್ನು ಹಿಮ್ಮುಖವಾಗಿ ಅಲ್ಲಿ ನಿಲ್ಲಿಸಬೇಕು. ನಮ್ಮ ಬೀದಿ, ಇಡೀ ಊರು, ಇಬ್ಬರು ಪೊಲೀಸರು ಎಲ್ಲರೂ ಕುರ್ಚಿಗಳನ್ನು ಆ ಕಡೆ ತಿರುಗಿಸಿಕೊಂಡರು.

"ಎಡಕ್ಕೆ ಮಾರಾಯ."

"ಎಡಕ್ಕೆ ಬೇಡ, ಬಲಕ್ಕೆ."

"ಮುಂದಕ್ಕೆ ಹೋಗಿ ಹಿಂದಕ್ಕೆ ಬಾ."

ಹಾರ್ಮ್ ನಲ್ಲಿಗೆ ಒಮ್ಮೆ, ಆಡಿನ ಗೂಡಿಗೆ ಒಮ್ಮೆ, ಪೊಲೀಸಿನವನ ಮೋಟರ್‌ಸೈಕಲ್ಲಿಗೆ ಒಮ್ಮೆ ತಾಗಿಸಿ ನಿಲ್ಲಿಸಿದ. ಚಪ್ಪಾಳೆ ಬಿತ್ತು. ಅವನು ಇಳಿದು ನೇರ ಹೆಂಡತಿಯ ಹತ್ತಿರ ಬಂದ, ಶಿಕ್ಷೆ ಕೇಳಲು ಬಂದವನ ಹಾಗೆ ಟೋಪಿ ತೆಗೆದು ನಿಂತ. ಚಿಟ್ಸ್ಕೆ ಆಗಲೇ ವೃತ್ತದಲ್ಲಿ ಕುಳಿತು, ತೊಡೆಯ ಮೇಲೆ ನೀಲಿ ಬೋಗುಣಿ ಇಟ್ಟುಕೊಂಡು, ಎಡಕ್ಕೆ ಹಿಲ್ಲಿಗೂ ಬಲಕ್ಕೆ ರೂಲಿಗೂ ಕೆಂಪು ಗುಡಾರದವಳ ಟವೆಲಿನ ಕಥೆ ಹೇಳುತ್ತಿದ್ದಳು.

"ನೆರಳಲ್ಲಿ?" ಎನ್ನುತ್ತಿದ್ದಳು ರೂಲಿ.

"ನೆರಳಲ್ಲಿ ಕಣೇ, ದಿನಾ."

"ಒಣಗುತ್ತಾ ಅದು?"

ಚಿಟ್ಸ್ಕೆಯ ಮುಖದಲ್ಲಿ ಅಂಥ ಸುಖವನ್ನು ಹಾರ್ಮ್ ಮದುವೆಯ ದಿನವೂ ಕಂಡಿರಲಿಲ್ಲವಂತೆ. "ಹಾಗಾದ್ರೆ," ಎಂದ ಮೆಲ್ಲಗೆ, "ಕ್ಯಾರವಾನ್ ಮಾರ್ಬೇಕಾ?"

ಅವಳು ಅವನನ್ನು ನೋಡಿದಳು. ಆಮೇಲೆ ಪಾಯಿಖಾನೆಯ ಕಡೆ ನೋಡಿದಳು, ಆಮೇಲೆ ಆಕ್ರೋಟಿನ ನೆರಳಲ್ಲಿ ಗೊರಕೆ ಹೊಡೆಯುತ್ತಿದ್ದ ಮೇಷ್ಟ್ರನ್ನು ನೋಡಿದಳು.

"ಮುಂದಿನ ವರ್ಷ ಆ ಮರದ ಕೆಳಗೆ ನಾವಿರ್ಬೇಕು. ಇಲ್ಲಾಂದ್ರೆ ಹೋಟೆಲು."

ಮತ್ತೆ ಚಳಿಗಾಲ ಬಂತು, ಹೋಯಿತು. ಈ ಬಾರಿ ಯಾರೂ ಡೆನ್ಮಾರ್ಕ್ ಎನ್ನಲಿಲ್ಲ, ನಾರ್ವೆ ಎನ್ನಲಿಲ್ಲ. ಎಲ್ಲರಿಗೂ ಬೇಕಾದದ್ದು ಶಾಂಬ್ರೊಲ್, ಶಾಂಬ್ರೊಲ್‌ನಲ್ಲಿ ಆ ಒಂದು ಮರ. ಮದಾಂ ಒಡೀಲ್ ಯಾರಿಗೂ ಜಾಗ ಕಾದಿರಿಸುವುದಿಲ್ಲ, ಮೊದಲು ಬಂದವರಿಗೆ ಮರ. ಹಾಗಾಗಿ ರಜೆಯ ಮೊದಲ ಮುಂಜಾನೆ ಹಕ್ಕಿ ಕೂಗುವ ಮೊದಲೇ ನಾನು ಗಾಡಿ ಹೊರಗೆ ತೆಗೆದೆ. ನನಗಿಂತ ಮುಂಚೆ ಲುಬ್ಬರ್ಟ್ ತೆಗೆದಿದ್ದ, ಅವನಿಗಿಂತ ಮುಂಚೆ ಮೇಷ್ಟ್ರು. ಹಾರ್ಮ್‌ನ ಮನೆಯ ಮುಂದೆ ಕ್ಯಾರವಾನ್ ಇರಲಿಲ್ಲ, ಆ ಕತ್ತಲಲ್ಲಿ ಅದನ್ನು ಯಾರೂ ಗಮನಿಸಲಿಲ್ಲ. ಪಾಪ, ಅವನಿಗೆ ರಾತ್ರಿಪಾಳಿ, ಬೆಳಗಾದ ಮೇಲೆ ತಾನೆ ಬಿಡುವು ಎಂದು ನಾವು ಒಳಗೊಳಗೇ ಖುಷಿಪಟ್ಟಿದ್ದೆವು.

ಸೇತುವೆಗೆ ಇನ್ನೇನು ಗಾಲಿ ತಾಗಬೇಕು, ಗಂಟೆ ಹೊಡೆಯಿತು. ಅಡ್ಡಗಂಬ ಇಳಿಯಿತು. ರಸ್ತೆ ಎದ್ದು ನಿಂತಿತು.

ಕಾಲುವೆಯಲ್ಲಿ ಒಂದು ಹುಟ್ಟು ಹಾಕುವ ಪುಟ್ಟ ದೋಣಿ ಬರುತ್ತಿತ್ತು. ಅದರಲ್ಲಿ ಚಿಟ್ಸ್ಕೆಯ ತಮ್ಮ ವೀಟ್ಸೆ. ದೋಣಿಯ ನಡುವೆ ಪಟಕಂಬದ ಬದಲು ಗುಡಾರದ ಕಂಬಗಳನ್ನು ಒಂದಕ್ಕೊಂದು ಸಿಕ್ಕಿಸಿ ಎತ್ತರಕ್ಕೆ ನಿಲ್ಲಿಸಿತ್ತು, ತುದಿಯಲ್ಲಿ ಒಂದು ನೀಲಿ ಟವೆಲು ಹಾರಾಡುತ್ತಿತ್ತು. ಬಾತುಕೋಳಿಯೊಂದು ಅವನನ್ನು ದಾಟಿ ಮುಂದೆ ಹೋಯಿತು.

ಆಚೆ ದಡದಲ್ಲಿ, ದಕ್ಷಿಣಕ್ಕೆ ಮುಖ ಮಾಡಿ, ಕೆನೆಬಣ್ಣದ ಕ್ಯಾರವಾನ್ ನಿಂತಿತ್ತು. ಚಿಟ್ಸ್ಕೆ ಸ್ಟೀರಿಂಗಿನ ಹಿಂದೆ ಕುಳಿತಿದ್ದಳು. ಹಾರ್ಮ್ ಗಾಜಿನ ಗೂಡಿನಿಂದ ಹೊರಗೆ ಬಂದು, ಪಾಳಿ ಬದಲಿಸಲು ಬಂದ ಹೊಸ ಹುಡುಗಿಯ ಕೈ ಕುಲುಕಿ, ನಮ್ಮ ಕಡೆ ತಿರುಗಿ ಟೋಪಿ ಎತ್ತಿ ನಮಸ್ಕಾರ ಮಾಡಿ, ಕಾರು ಹತ್ತಿದ.

"ಏ ತಾಯಿ, ಸೇತುವೆ ಇಳ್ಸಮ್ಮಾ" ಎಂದು ಲುಬ್ಬರ್ಟ್ ಕಾಲುವೆಯ ಈಚೆಯಿಂದ ಕೂಗಿದ.

"ದೋಣಿ ಪೂರ್ತಿ ದಾಟ್ಲಿ ಸಾರ್. ನಿಯಮ" ಎಂದಳು ಆ ಹುಡುಗಿ. ಹಾರ್ಮ್ ಚೆನ್ನಾಗಿಯೇ ತರಬೇತಿ ಕೊಟ್ಟಿದ್ದ.

ವೀಟ್ಸೆ ಸರಿಯಾಗಿ ಸೇತುವೆಯ ನಡುವೆ ಬಂದು ಹುಟ್ಟು ಒಳಗಿಟ್ಟ. ಫ್ಲಾಸ್ಕು ತೆರೆದ. ಲೋಟಕ್ಕೆ ಕಾಫಿ ಬಗ್ಗಿಸಿಕೊಂಡು, ಊದಿ ಊದಿ ಕುಡಿಯತೊಡಗಿದ. ದೂರದಲ್ಲಿ ಕೆನೆಬಣ್ಣದ ಚುಕ್ಕೆಯೊಂದು ಪಾಪ್ಲರ್ ಮರಗಳ ನಡುವೆ ಸಣ್ಣದಾಗುತ್ತಾ ಹೋಯಿತು.

ಆಮೇಲೆ ಮೇಷ್ಟ್ರು ಮೋಟರ್‌ಮನೆಯ ಹಿಂದಿನ ಬಾಗಿಲು ತೆಗೆದು ಎರಡು ಕುರ್ಚಿ ಇಳಿಸಿದರು. ರೂಲಿ ಇಳಿಸಿದಳು, ಹಿಲ್ಲಿ ಇಳಿಸಿದಳು. ನಮ್ಮ ಸೀಮೆಯ ಅತಿ ಎತ್ತರದ ವಸ್ತುವಿನ ನೆರಳಲ್ಲಿ ವೃತ್ತಾಕಾರವಾಗಿ ಕುಳಿತು, ನಾವು ಕಾಫಿಗೆ ನೀರಿಟ್ಟೆವು.